ಹಳೇ ಎಕ್ಸ್‌ಎಲ್‌ಎಸ್ ಫೈಲ್ ಇಂಪೋರ್ಟ್ ಮಾಡಿದರೆ ಡೇಟಾ ಮಾಯ. ನಿಮಗೂ ಹೀಗಾಗಿತ್ತಾ? ಅನುಭವ ಹೇಳಿ

ಪಂಪ್‌ಮನೆ:

ಎಲ್ಲರಿಗೂ ನಮಸ್ಕಾರ. 2003ರಿಂದ 2013ರವರೆಗಿನ ಪಂಪುಗಳ ದಾಖಲೆ ನನ್ನ ತಲೆಗೆ ಬಂದಿದೆ. ತಿಂಗಳಿಗೊಂದು ಫೈಲ್, ಒಟ್ಟು 132. ಎಲ್ಲವೂ ಹಳೇ ಎಕ್ಸ್‌ಎಲ್‌ಎಸ್, ಅಂದರೆ ಎಕ್ಸೆಲ್‌ನ ಹಳೇ ಮಾದರಿಯ ಫೈಲ್. ಪ್ರತಿ ಪಂಪಿಗೂ ಗಂಟೆಗೊಂದು ಸಾಲು: ಸಮಯ, ಪಂಪ್ ನಂಬರ್, ಒತ್ತಡ, ದೋಷ ಸಂಕೇತ. ದೋಷ ಇಲ್ಲದಿದ್ದರೆ 0, ಇದ್ದರೆ ‘ಇ12’, ‘ಇ07’ ಅಂತ ಬರೆದಿರುತ್ತಾರೆ.

ಫೋಲ್ಡರ್ ಸಮೇತ ಚಾರ್ಟ್ ಮಾಡುವ ಪವರ್ ಬಿಐ ಸಾಫ್ಟ್‌ವೇರ್‌ಗೆ ಕೊಟ್ಟೆ. ಒಂದೂ ಎರರ್ ಬರಲಿಲ್ಲ. ಖುಷಿಯಾಯಿತು. ಆಮೇಲೆ ಚಾರ್ಟ್ ನೋಡಿದರೆ ನಮ್ಮ ಪಂಪುಗಳು 11 ವರ್ಷದಲ್ಲಿ ಒಂದೇ ಒಂದು ಸಲವೂ ಕೆಟ್ಟಿಲ್ಲ! ದೋಷ ಇದ್ದ ಕಡೆಯೆಲ್ಲ ಖಾಲಿ. ಎಕ್ಸೆಲ್‌ನಲ್ಲಿ ಅದೇ ಫೈಲ್ ತೆರೆದರೆ ‘ಇ12’ ಕಣ್ಣಿಗೆ ರಾಚುವಂತೆ ಕೂತಿದೆ.

ಇನ್ನೊಂದು ತೊಂದರೆ. ಅಕ್ಟೋಬರ್ 2013 ಮತ್ತು ಡಿಸೆಂಬರ್ 2013ರ ಫೈಲ್‌ನಲ್ಲಿ ಕೊನೆಯ ದಿನ ಪೂರ್ತಿ ಇಲ್ಲ. 31ನೇ ತಾರೀಕು ಬೆಳಿಗ್ಗೆ 8ರ ರೀಡಿಂಗ್ ಅರ್ಧಕ್ಕೇ ನಿಂತಿದೆ. ಇದು ಎಕ್ಸೆಲ್‌ನಲ್ಲೂ ಹಾಗೇ ಇದೆ. ನವೆಂಬರ್ ಸರಿಯಾಗಿದೆ. ಹೀಗಾದವರು ಏನು ಮಾಡಿದಿರಿ?

ಎಂಟುಸಾಲು:

ಎಂಟು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಪವರ್ ಬಿಐಯಂಥವು ಹಳೇ ಎಕ್ಸ್‌ಎಲ್‌ಎಸ್ ಓದುವುದು ಜೆಟ್ ಡ್ರೈವರ್ ಅನ್ನುವ ಮಧ್ಯವರ್ತಿ ಪ್ರೋಗ್ರಾಂ ಮೂಲಕ, ಇಲ್ಲವೇ ಅದರ ತಮ್ಮ ಏಸ್ ಮೂಲಕ. ಅಣ್ಣತಮ್ಮ ಇಬ್ಬರೂ ಮೊದಲ ಎಂಟು ಸಾಲು ಮೂಸಿ ನೋಡಿ ಇದು ನಂಬರ್ ಕಾಲಂ, ಇದು ಅಕ್ಷರದ ಕಾಲಂ ಅಂತ ತೀರ್ಮಾನ ಮಾಡುತ್ತಾರೆ. ನಂಬರ್ ಅಂದುಕೊಂಡ ಮೇಲೆ ಕೆಳಗೆ ಎಲ್ಲೇ ಅಕ್ಷರ ಬಂದರೂ ಖಾಲಿ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಸುಮ್ನೆ ನುಂಗಿಬಿಡುವುದು.

ನನ್ನ ಕತೆ ಕೇಳಿ. ದಾಸ್ತಾನು ಪಟ್ಟಿ, 41,300 ಸಾಲು. ಐಟಂ ಕೋಡ್‌ನಲ್ಲಿ 6,212 ಖಾಲಿ. ಮೊದಲ ಎರಡು ದಿನ ಪಟ್ಟಿ ಬರೆದವರನ್ನೇ ಬೈದೆ. ಮೂರನೇ ದಿನ ವಿಂಡೋಸ್ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ, ಎಷ್ಟು ಸಾಲು ನೋಡಬೇಕು ಅಂತ ಹೇಳುವ ಟೈಪ್‌ಗೆಸ್‌ರೋಸ್ ಅನ್ನುವುದನ್ನು ಹುಡುಕಿ 8 ಇದ್ದದ್ದನ್ನು 0 ಮಾಡಿದೆ. 0 ಅಂದರೆ ಪೂರ್ತಿ ಫೈಲ್ ನೋಡುತ್ತದೆ ಅಂತ ಯಾರೋ ಬರೆದಿದ್ದರು. ಶುದ್ಧ ಸುಳ್ಳು. ಅದು ನೋಡುವುದು 16,384 ಸಾಲು. ನನ್ನ ಪಟ್ಟಿಯಲ್ಲಿ ಅಕ್ಷರ ಇರುವ ಮೊದಲ ಕೋಡ್ ಇದ್ದದ್ದು 19,870ನೇ ಸಾಲಿನಲ್ಲಿ! ಮತ್ತೆ ಖಾಲಿ.

ಐದನೇ ದಿನ ಡ್ರೈವರ್‌ಗೆ ಸೂಚನೆ ಕೊಡುವ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಐಎಂಇಎಕ್ಸ್=1 ಹಾಕಿದೆ. ಎಲ್ಲರೂ ಇದೇ ರಾಮಬಾಣ ಅನ್ನುತ್ತಾರೆ. ಆದರೆ ನೋಡಿದ ಸಾಲುಗಳಲ್ಲಿ ನಂಬರ್, ಅಕ್ಷರ ಎರಡೂ ಬೆರೆತಿದ್ದರೆ ಮಾತ್ರ ಅದು ಕಾಲಂ ಅನ್ನು ಅಕ್ಷರ ಅಂತ ಓದುತ್ತದೆ. ಬರೀ ನಂಬರ್ ಸಿಕ್ಕರೆ ಐಎಂಇಎಕ್ಸ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಏಳನೇ ದಿನ ಹೊಳೆಯಿತು. ಎಚ್‌ಡಿಆರ್=ನೋ ಅಂತ ಕೊಟ್ಟರೆ ಹೆಡರ್ ಸಾಲೂ ಡೇಟಾ ಆಗುತ್ತದೆ. ಹೆಡರ್ ಯಾವಾಗಲೂ ಅಕ್ಷರ. ಅಲ್ಲಿಗೆ ಪ್ರತಿ ಕಾಲಂನಲ್ಲೂ ಬೆರಕೆ ಸಿಕ್ಕಿತು. 6,212ಕ್ಕೆ 6,212 ಬಂತು.

ಕುಣಿದಾಡುವಷ್ಟರಲ್ಲಿ ಇನ್ನೊಂದು. ಎಂಟು ಅಂಕಿಯ ಕೋಡ್‌ಗಳು, ಉದಾಹರಣೆಗೆ 40217355 ಅನ್ನುವುದು 4.02174ಇ+007 ಆಗಿ ಬಂದಿತ್ತು. ಜನರಲ್ ಫಾರ್ಮ್ಯಾಟ್‌ನಲ್ಲಿದ್ದ ದೊಡ್ಡ ನಂಬರನ್ನು ಅಕ್ಷರ ಮಾಡುವಾಗ ಹೀಗೆ ಆಗುತ್ತದೆ. ಕಾಲಂ ಫಾರ್ಮ್ಯಾಟ್ ಬದಲಿಸಿ ಮತ್ತೆ ಓದಿಸಿದೆ. ಒಟ್ಟು ಒಂಬತ್ತು ದಿನ. ಆದರೆ ಈಗ ಈ ಡ್ರೈವರ್‌ನ ನರನಾಡಿ ನನಗೆ ಗೊತ್ತು.

ಹಳೆಹುಲಿ:

ಒಂಬತ್ತು ದಿನ ಡ್ರೈವರ್ ಜತೆ ಜಗಳ! ಗುರುಗಳೇ, ಎಕ್ಸ್‌ಎಲ್‌ಎಸ್ ಅನ್ನು ಹೊಸ ಮಾದರಿಯ ಎಕ್ಸ್‌ಎಲ್‌ಎಸ್‌ಎಕ್ಸ್ ಮಾಡಿ ಮಲಗಿದ್ದರೆ ಒಂದು ರಾತ್ರಿಯ ಕೆಲಸ. ಎಕ್ಸ್‌ಎಲ್‌ಎಸ್‌ಎಕ್ಸ್ ಓದಲು, ಪವರ್ ಬಿಐ ಒಳಗೆ ಫೈಲ್ ಓದುವ ಪವರ್ ಕ್ವೆರಿಗೆ ಏಸ್ ಬೇಕಾಗಿಯೇ ಇಲ್ಲ. ಎಂಟು ಸಾಲಿನ ಕಾಟವೇ ಇರುವುದಿಲ್ಲ.

ನಾನು ಮಾಡಿದ್ದು 640 ಫೈಲ್. ಲಿಬ್ರೆ ಆಫೀಸ್‌ಗೆ ಕಿಟಕಿ ತೆರೆಯದೆ ಕೆಲಸ ಮಾಡುವ ಒಂದು ಕಮಾಂಡ್ ಇದೆ. ರಾತ್ರಿ ಹತ್ತಕ್ಕೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದರೆ ಮುಗಿದಿತ್ತು. ಇಂಪೋರ್ಟ್ ಮಾಡಿ ವರದಿ ಕೊಟ್ಟೆ. ಮೂರು ವಾರ ಆದಮೇಲೆ ಒಬ್ಬರು ಬಂದು 2006ರ ಏಪ್ರಿಲ್ ಎಲ್ಲಿ ಅಂದರು. ಎಣಿಸಿದರೆ 633 ಫೈಲ್. ಏಳು ಇಲ್ಲ. ಆ ಏಳಕ್ಕೆ ಪಾಸ್‌ವರ್ಡ್ ಹಾಕಿದ್ದರು. ಕಮಾಂಡ್ ಅವನ್ನು ಬಿಟ್ಟು ಮುಂದೆ ಹೋಗಿತ್ತು. ಅದೇನು ಹೇಳಿತ್ತೋ ನೋಡಲು ನಾನು ಎದ್ದಿರಲಿಲ್ಲ.

ಪಾಸ್‌ವರ್ಡ್ ಇಟ್ಟವರು ನಿವೃತ್ತರಾಗಿದ್ದರು. ಫೋನ್ ಮಾಡಿದರೆ ಮೊದಲ ಸಲ ನೆನಪಿಲ್ಲ ಅಂದರು. ಎರಡನೇ ಸಲ ನೀವು ಯಾರು ಅಂದರು. ನಾಲ್ಕನೇ ಸಲ ಅವರ ಮನೆಯವರೇ ‘ಫೈಲಿನ ಹೆಸರನ್ನೇ ಹಾಕಿ ನೋಡಿ, ಅವರು ಎಲ್ಲದಕ್ಕೂ ಅದನ್ನೇ ಹಾಕುವುದು’ ಅಂದರು. ಏಳೂ ತೆರೆದವು. ಆ ಏಳು ಫೈಲಿಗೆ ಹನ್ನೊಂದು ದಿನ. ಇರಲಿ, ಅದು ಕನ್ವರ್ಟ್ ಮಾಡಿದ್ದರ ತಪ್ಪಲ್ಲ. ದಾರಿ ಇದೇ ಸರಿ.

ಎಂಟುಸಾಲು:

ಒಂದು ರಾತ್ರಿಯ ಕೆಲಸ ಅಂದಿರಿ. ಮೂರು ವಾರ, ಹನ್ನೊಂದು ದಿನ ಎಲ್ಲಿ ಹೋಯಿತು ಸ್ವಾಮಿ? ನನ್ನ ಒಂಬತ್ತೇ ವಾಸಿ ಅಲ್ವಾ?

ಹಳೆಹುಲಿ:

ನೀವು ರಿಜಿಸ್ಟ್ರಿ ಮುಟ್ಟಿದಿರಿ. ಅದನ್ನು ಮುಟ್ಟಿದವರ ಜತೆ ನಾನು ವಾದ ಮಾಡುವುದಿಲ್ಲ. ಅದೇ ಕಂಪ್ಯೂಟರ್‌ನಲ್ಲಿ ಅದೇ ಡ್ರೈವರ್ ನಂಬಿಕೊಂಡ ಬೇರೆ ಪ್ರೋಗ್ರಾಂ ಇದ್ದರೆ ಅದರ ಗತಿ?

ಎಂಟುಸಾಲು:

ಇತ್ತು. ಅದರಲ್ಲಿ ಒಂದು ನಂಬರ್ ಕಾಲಂ ಅಕ್ಷರ ಆಗಿಬಿಟ್ಟು ತಿಂಗಳ ಮೊತ್ತ 0 ಬಂತು. ಪಕ್ಕದ ಮೇಜಿನವರು ಇವತ್ತಿಗೂ ನನ್ನ ಜತೆ ಸರಿಯಾಗಿ ಮಾತಾಡುವುದಿಲ್ಲ. ಅದನ್ನು ಇಲ್ಲಿ ಎಳೆಯುವ ಅಗತ್ಯ ಇರಲಿಲ್ಲ.

ಪಾಂಡಾಪ್ರಿಯ:

ಇನ್ನೂ ಡ್ರೈವರ್, ರಿಜಿಸ್ಟ್ರಿ ಅಂತ ಕೂತಿದ್ದೀರಾ? ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಾಂಡಾಸ್ ಅನ್ನುವ ಲೈಬ್ರರಿ ಹಾಕಿ, ಎಲ್ಲಾ ಕಾಲಂ ಅಕ್ಷರವಾಗಿ ಓದಿಸಿ, ಆಮೇಲೆ ಬೇಕಾದ್ದನ್ನು ನಂಬರ್ ಮಾಡಿ. ಎಂಟೂ ಇಲ್ಲ, ಹದಿನಾರೂ ಇಲ್ಲ.

ಸುಲಭ ಅಂತ ಹೇಳುತ್ತಿಲ್ಲ. ನಾನೂ ಪೆಟ್ಟು ತಿಂದೇ ಕಲಿತದ್ದು. ನನ್ನ ಸ್ಕ್ರಿಪ್ಟ್ ವರ್ಷಗಟ್ಟಲೆ ತೊಂದರೆ ಕೊಡದೆ ಓಡಿತ್ತು. ಡಿಸೆಂಬರ್ 2020ರಲ್ಲಿ ಎಕ್ಸೆಲ್ ಫೈಲ್ ಓದಲು ಪಾಂಡಾಸ್ ಬಳಸುತ್ತಿದ್ದ ಎಕ್ಸ್‌ಎಲ್‌ಆರ್‌ಡಿ ಲೈಬ್ರರಿಯ 2.0 ಬಂತು. ಅದು ಎಕ್ಸ್‌ಎಲ್‌ಎಸ್ ಬಿಟ್ಟು ಬೇರೇನೂ ಓದುವುದಿಲ್ಲ ಅಂತ ಕೈ ಎತ್ತಿತು. ನನ್ನ ಫೋಲ್ಡರ್‌ನಲ್ಲಿ ಹಳತು ಹೊಸತು ಎರಡೂ ಇದ್ದವು. ‘ಎರರ್ ಬಂದರೆ ಬಿಟ್ಟು ಮುಂದಕ್ಕೆ ಹೋಗು’ ಅಂತ ನಾನೇ ಬರೆದಿದ್ದೆ. ಅದು ಹೇಳಿದ ಹಾಗೆ ಮಾಡಿತು. ಹೊಸ ಫೈಲ್ ಎಲ್ಲವನ್ನೂ ಬಿಟ್ಟಿತು. ವರದಿ ಮಾತ್ರ ಚೆನ್ನಾಗಿ ಬರುತ್ತಲೇ ಇತ್ತು, ಬರೀ ಹಳೇ ಅಂಕಿ ಹಾಕಿಕೊಂಡು. ಐದು ವಾರ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದು. ವಿಭಾಗದ ಕೋಡ್‌ಗಳು ಎರಡಕ್ಷರದವು. ಅದರಲ್ಲಿ ಒಂದು ವಿಭಾಗ ‘ಎನ್‌ಎ’. ಪಾಂಡಾಸ್‌ಗೆ ‘ಎನ್‌ಎ’ ಕಂಡರೆ ಖಾಲಿ ಅಂತಲೇ ಲೆಕ್ಕ. ಅಕ್ಷರವಾಗಿ ಓದು ಅಂದರೂ ಕೇಳುವುದಿಲ್ಲ. ಕೀಪ್ ಡಿಫಾಲ್ಟ್ ಎನ್‌ಎ ಅನ್ನುವುದನ್ನು ಫಾಲ್ಸ್ ಮಾಡಿದರೇನೇ ಸುಮ್ಮನಾಗುವುದು. ಒಂದು ವಿಭಾಗವೇ ಎರಡು ತಿಂಗಳು ಭೂಮಿಯ ಮೇಲೆ ಇರಲಿಲ್ಲ. ಆ ವಿಭಾಗದ ಮುಖ್ಯಸ್ಥರು ಮೀಟಿಂಗ್‌ನಲ್ಲಿ ತಮ್ಮ ಹೆಸರು ಹುಡುಕುತ್ತಾ ಕೂತಿದ್ದರು. ಎದುರಿಗೇ ನಾನಿದ್ದೆ. ನಮೀಬಿಯಾ ದೇಶದ ಎರಡಕ್ಷರದ ಕೋಡ್ ಕೂಡ ಇದೇ. ಆ ದೇಶ ಎಷ್ಟು ಜನರ ಚಾರ್ಟ್‌ನಿಂದ ಹೀಗೆ ಬಿದ್ದಿದೆಯೋ!

ಮೌನಿ:

ಆ ಎರಡು ಫೈಲ್‌ನಲ್ಲಿ ಶೀಟ್2 ತೆರೆದು ನೋಡಿದಿರಾ?

ಸಾಲುಲೆಕ್ಕ:

ಪ್ರಶ್ನೆ ಕೇಳಿದವರೇ, ಆ ಅಕ್ಟೋಬರ್, ಡಿಸೆಂಬರ್ ಫೈಲ್‌ನಲ್ಲಿ ಕೊನೆಯ ಸಾಲಿನ ನಂಬರ್ 65,536 ಇರಬೇಕು. ಎಕ್ಸ್‌ಎಲ್‌ಎಸ್‌ನ ತಳ ಅದೇ. ಎರಡರ ಹದಿನಾರನೇ ಘಾತ. ಅಡ್ಡಕ್ಕೆ 256 ಕಾಲಂ. 2007ರ ಎಕ್ಸೆಲ್ ಜತೆ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576 ಸಾಲು, 16,384 ಕಾಲಂ. ಹಳೇ ಪಾತ್ರೆಯಲ್ಲಿ ಹಿಡಿಸದ್ದು ಚೆಲ್ಲಿಹೋಗುತ್ತದೆ. ಅದು ಹೋಯಿತು, ಎಳ್ಳುನೀರು ಬಿಡಿ.

ನಾನು ಬಿಟ್ಟವನೇ. ಹಳೇ ವರದಿ ಪ್ರೋಗ್ರಾಂ ಒಂದಿತ್ತು. ‘ರಫ್ತು ಮಾಡು’ ಒತ್ತಿದರೆ ಎಕ್ಸ್‌ಎಲ್‌ಎಸ್ ಕೊಡುತ್ತಿತ್ತು. ಎಷ್ಟೇ ಸಾಲು ಇದ್ದರೂ 65,536ಕ್ಕೆ ನಿಲ್ಲಿಸಿ ‘ಯಶಸ್ವಿ’ ಅಂತ ಹಸಿರು ಅಕ್ಷರದಲ್ಲಿ ತೋರಿಸುತ್ತಿತ್ತು. ಆ ಹಸಿರು ನಂಬಿ ಮೂಲ ಡೇಟಾಬೇಸ್ ಅಳಿಸಿದರು. ಅಳಿಸಿದ್ದು ನಾನಲ್ಲ, ಆದರೆ ಅಳಿಸಬಹುದು ಅಂತ ಸಹಿ ಹಾಕಿದ್ದು ನಾನು. ಒಂದು ವರ್ಷ ಆದಮೇಲೆ ವಿಶ್ಲೇಷಣೆಗೆ ಹಾಕಿದಾಗ ಎಲ್ಲಾ ವರ್ಷವೂ ಒಂದೇ ಅಳತೆ! 65,535, 65,535, 65,535. ಹೆಡರ್ ಒಂದು ಸಾಲು ತಿಂದಿತ್ತು. ಗ್ರಾಫ್ ನೋಡಿದರೆ ವ್ಯವಹಾರ ಏಳು ವರ್ಷ ಒಂದೇ ಮಟ್ಟದಲ್ಲಿ ನಿಂತ ಹಾಗೆ ನೇರ ಗೆರೆ. ಕಾಗದದ ರಸೀದಿ ಹುಡುಕಿ ಮತ್ತೆ ಟೈಪ್ ಮಾಡಿಸಿದೆವು. ನಾಲ್ಕು ಜನ, ಎರಡೂವರೆ ತಿಂಗಳು. ಮುಕ್ಕಾಲು ಭಾಗ ಸಿಕ್ಕಿತು. ಉಳಿದದ್ದು ಸಿಗಲಿಲ್ಲ.

ನಾವು ಮಾತ್ರ ಅಲ್ಲ. 2020ರಲ್ಲಿ ಇಂಗ್ಲೆಂಡ್‌ನ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲೂ ಇದೇ ಆಯಿತು. ಲ್ಯಾಬ್‌ಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಎಕ್ಸ್‌ಎಲ್‌ಎಸ್‌ನಲ್ಲಿ ತುಂಬುತ್ತಿದ್ದರು. ಒಬ್ಬರ ಫಲಿತಾಂಶಕ್ಕೆ ಹಲವು ಸಾಲು ಬೇಕಾಗುತ್ತಿದ್ದವು. ಶೀಟ್ ತುಂಬಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಪ್ರಕರಣ ದಿನದ ಲೆಕ್ಕದಿಂದ ಬಿಟ್ಟುಹೋದವು. ಅಷ್ಟು ಜನರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು. ನನ್ನದು ಬರೀ ರಸೀದಿ.

ಪಾಂಡಾಪ್ರಿಯ:

ಬೇಜಾರಾಗಬೇಡಿ, ಆದರೆ ಸಾಲು ಎಣಿಸದೆ ಸಹಿ ಹಾಕಿದಿರಾ?

ಸಾಲುಲೆಕ್ಕ:

ಐದು ವಾರ ಫೈಲ್ ಓದದ ಸ್ಕ್ರಿಪ್ಟ್ ಬರೆದವರು ಕೇಳುತ್ತಿದ್ದಾರೆ. ಎಣಿಸಿದ್ದೆ. ಫೈಲ್‌ನ ಸಾಲನ್ನು ಎಣಿಸಿದ್ದೆ. ಮೂಲದ ಸಾಲನ್ನು ಎಣಿಸಲಿಲ್ಲ. ಸರಿನಾ?

ಗೋಷ್ವಾರೆ:

ಜಗಳ ಆಡುವ ಮೊದಲು ಒಂದು ಮಾತು ಕೇಳಿ. ನಾನು ಲೆಕ್ಕಪತ್ರದ ಕಡೆಯವಳು. ನಮ್ಮಲ್ಲಿ ಫೈಲ್ ಮುಟ್ಟುವ ಮೊದಲೇ ಗೋಷ್ವಾರೆ ಬರೆಯುತ್ತೇವೆ. ಎಷ್ಟು ಸಾಲು, ಮೊತ್ತದ ಕಾಲಂ ಕೂಡಿದರೆ ಎಷ್ಟು, ಖಾಲಿ ಕೋಶ ಎಷ್ಟು. ಒಂದು ಚೀಟಿಯಲ್ಲಿ, ಪೆನ್ನಿನಲ್ಲಿ. ಇಂಪೋರ್ಟ್ ಆದಮೇಲೆ ಅದೇ ಮೂರು ಅಂಕಿ ತಾಳೆ ನೋಡಬೇಕು. ತಾಳೆ ಆಗದಿದ್ದರೆ ಚಾರ್ಟ್ ತೆರೆಯಲೇಬಾರದು.

ಇಷ್ಟು ಗೊತ್ತಿದ್ದೂ ನಾನು ಬಿದ್ದೆ. ಎಲ್ಲಿ ಅಂದರೆ ಮರ್ಜ್ ಮಾಡಿದ ಕೋಶದಲ್ಲಿ. ಹಳೇ ಶೀಟ್‌ಗಳಲ್ಲಿ ಚೆಂದ ಕಾಣಲಿ ಅಂತ ಶಾಖೆಯ ಹೆಸರನ್ನು ಇಪ್ಪತ್ತು ಸಾಲಿಗೆ ಒಟ್ಟಿಗೆ ಮರ್ಜ್ ಮಾಡಿರುತ್ತಾರೆ. ಕಣ್ಣಿಗೆ ಇಪ್ಪತ್ತಕ್ಕೂ ಹೆಸರಿದೆ. ಒಳಗೆ ಇರುವುದು ಮೇಲಿನ ಒಂದೇ ಕೋಶದಲ್ಲಿ. ಇಂಪೋರ್ಟ್ ಆದರೆ ಹತ್ತೊಂಬತ್ತು ಖಾಲಿ. ಅದಕ್ಕೆ ಫಿಲ್ ಡೌನ್ ಒತ್ತಿದೆ. ಎಲ್ಲಾ ತುಂಬಿತು. ಸಾಲು ತಾಳೆ, ಮೊತ್ತ ತಾಳೆ. ಚೀಟಿ ಹರಿದು ಹಾಕಿದೆ.

ಆದರೆ ಕೆಲವು ಕಡೆ ಶಾಖೆ ನಿಜವಾಗಿಯೂ ಖಾಲಿ ಇತ್ತು. ಅವು ಯಾವ ಶಾಖೆಗೂ ಸೇರದ ಕೇಂದ್ರದ ಖರ್ಚು. ಫಿಲ್ ಡೌನ್ ಅವನ್ನೆಲ್ಲ ಮೇಲಿನ ಶಾಖೆಯ ತಲೆಗೆ ಕಟ್ಟಿತು. 318 ಸಾಲು. ನಾಲ್ಕು ತಿಂಗಳ ವರದಿ ತಪ್ಪು. ಒಂದು ಶಾಖೆಯವರು ತಾವು ದುಂದು ಮಾಡಿಲ್ಲ ಅಂತ ಮೂರು ಸಲ ಪತ್ರ ಬರೆದರು. ಮೂರೂ ಸಲ ನಾನೇ ‘ದಾಖಲೆ ಪ್ರಕಾರ ಸರಿ ಇದೆ’ ಅಂತ ಉತ್ತರ ಕೊಟ್ಟೆ. ಆ ಉತ್ತರಗಳನ್ನು ಈಗಲೂ ಇಟ್ಟುಕೊಂಡಿದ್ದೇನೆ. ಕಾಣೆಯಾದ ಡೇಟಾ ಕಡೇಪಕ್ಷ ಖಾಲಿ ಕಾಣುತ್ತದೆ. ನಾವೇ ತುಂಬಿದ ತಪ್ಪು ಡೇಟಾ ಸರಿಯಾದದ್ದರ ಹಾಗೇ ಕಾಣುತ್ತದೆ.

ಹಳೆಹುಲಿ:

ಮೇಡಂ, ಚೀಟಿಯೆಲ್ಲ ಸರಿ. 640 ಫೈಲಿಗೆ 640 ಚೀಟಿ ಬರೆಯುವುದಾ?

ಗೋಷ್ವಾರೆ:

ಒಂದೇ ಚೀಟಿ ಸಾಕಿತ್ತು. ‘640 ಫೈಲ್’ ಅಂತ ಬರೆದಿದ್ದರೆ 633 ಅವತ್ತೇ ಗೊತ್ತಾಗುತ್ತಿತ್ತು.

ಎಂಟುಸಾಲು:

ಹ್ಹ ಹ್ಹ ಹ್ಹ.

ನಾಲ್ಕುವರ್ಷ:

ಎಲ್ಲರೂ ಖಾಲಿ ಕೋಶದ ಬಗ್ಗೆ ಹೇಳುತ್ತಿದ್ದೀರಿ. ನನ್ನ ಡೇಟಾ ಖಾಲಿ ಆಗಿರಲಿಲ್ಲ, ಬೇರೆ ವರ್ಷಕ್ಕೆ ಹೋಗಿ ಕೂತಿತ್ತು. 60 ಫೈಲ್, 2008ರಿಂದ 2012. ಚಾರ್ಟ್‌ಗೆ 2008ರಿಂದ ಅಂತ ಫಿಲ್ಟರ್ ಹಾಕಿದ್ದೆ. 17 ತಿಂಗಳು ನಾಪತ್ತೆ. ಎಂಟು ಸಾಲಿನ ಕತೆ ಓದಿ ಅದನ್ನೇ ಮಾಡಿದೆ, ಆಗಲಿಲ್ಲ. ಕನ್ವರ್ಟ್ ಮಾಡಿದೆ, ಆಗಲಿಲ್ಲ. ಹದಿನಾಲ್ಕನೇ ದಿನ ಬೇಸತ್ತು ಫಿಲ್ಟರ್ ತೆಗೆದೆ. 2004ರಲ್ಲಿ ಒಂದು ಗುಂಪು, 2005ರಲ್ಲಿ ಇನ್ನೊಂದು. ನಮ್ಮ ಘಟಕ ಶುರುವಾದದ್ದೇ 2008ರಲ್ಲಿ!

ಆ 17 ಫೈಲ್ ಮ್ಯಾಕ್‌ನಲ್ಲಿ ಮಾಡಿದ್ದು. ಹಳೇ ಮ್ಯಾಕ್ ಎಕ್ಸೆಲ್ ದಿನಾಂಕವನ್ನು 1904ರಿಂದ ಎಣಿಸುತ್ತಿತ್ತು, ವಿಂಡೋಸ್ 1900ರಿಂದ. ಶೀಟ್ ಒಳಗೆ ಇರುವುದು ಬರೀ ಒಂದು ಸಂಖ್ಯೆ. ಎಲ್ಲಿಂದ ಎಣಿಸಬೇಕು ಅನ್ನುವ ಗುರುತು ಫೈಲ್‌ನಲ್ಲಿ ಬೇರೆ ಕಡೆ ಇರುತ್ತದೆ. ಯಾರೋ ಮ್ಯಾಕ್ ಶೀಟ್‌ಗಳನ್ನು ನಕಲು ಮಾಡಿ ವಿಂಡೋಸ್ ಫೈಲಿಗೆ ಅಂಟಿಸಿದ್ದರು. ಸಂಖ್ಯೆ ಬಂತು, ಗುರುತು ಬರಲಿಲ್ಲ. 1,462 ದಿನ ಹಿಂದಕ್ಕೆ ಹೋಯಿತು. ನಾಲ್ಕು ವರ್ಷ, ಒಂದು ದಿನ. ಆ ಒಂದು ದಿನ ನೋಡಿಯೇ ನಾನು ಕಂಡುಹಿಡಿದದ್ದು.

ಹಳೆಹುಲಿ:

ನಾಲ್ಕು ವರ್ಷಕ್ಕೆ 1,461 ದಿನ ಅಲ್ವಾ? ಇನ್ನೊಂದು ಎಲ್ಲಿಂದ ಬಂತು?

ನಾಲ್ಕುವರ್ಷ:

1900 ಅಧಿಕ ವರ್ಷ ಅಲ್ಲ. 1900ರ ಜನವರಿ 1ರಿಂದ 1904ರ ಜನವರಿ 1ಕ್ಕೆ ನಿಜವಾದ ದಿನ 1,460. 1900ರ ಲೆಕ್ಕ 1ರಿಂದ ಶುರು, 1904ರದ್ದು 0ಯಿಂದ ಶುರು. ಅದಕ್ಕೆ ಒಂದು. ಇನ್ನೊಂದು, ಎಕ್ಸೆಲ್‌ನಲ್ಲಿ 1900ರ ಫೆಬ್ರವರಿ 29 ಅನ್ನುವ, ಲೋಕದಲ್ಲಿ ಇಲ್ಲದ ದಿನ ಇದೆ. 60ನೇ ನಂಬರ್. ಹಿಂದಿನ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಲೋಟಸ್ 1-2-3ರಲ್ಲಿ ಇದ್ದ ತಪ್ಪನ್ನು ಹೊಂದಾಣಿಕೆಗಾಗಿ ಬೇಕೆಂದೇ ಉಳಿಸಿಕೊಂಡದ್ದು. 1,460, 1, 1. ಕೂಡಿ ನೋಡಿ.

ಹಳೆಹುಲಿ:

1900 ನಾಲ್ಕರಿಂದ ಭಾಗ ಹೋಗುತ್ತದಲ್ರೀ.

ನಾಲ್ಕುವರ್ಷ:

ನೂರರಿಂದಲೂ ಹೋಗುತ್ತದೆ. ನೂರರಿಂದ ಹೋದರೆ ನಾನೂರರಿಂದಲೂ ಹೋಗಬೇಕು. 2000 ಹೋಗುತ್ತದೆ, 1900 ಹೋಗುವುದಿಲ್ಲ. ಇದನ್ನೂ ನಾನೇ ಹೇಳಿಕೊಡಬೇಕಾ?

ಗೋಷ್ವಾರೆ:

ಇಬ್ಬರೂ ಕ್ಯಾಲೆಂಡರ್ ಕೆಳಗಿಡಿ. ಪ್ರಶ್ನೆ ಕೇಳಿದವರಿಗೆ ಇನ್ನೊಂದು ಹೇಳುವುದಿದೆ. ಎಕ್ಸ್‌ಎಲ್‌ಎಸ್ ಅಂತ ಬರುವ ಫೈಲ್ ಎಲ್ಲವೂ ಎಕ್ಸ್‌ಎಲ್‌ಎಸ್ ಅಲ್ಲ. ಯಾವುದೋ ಪೋರ್ಟಲ್‌ನಿಂದ ಇಳಿಸಿದ್ದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಎಷ್ಟೋ ಸಲ ಅದು ಎಚ್‌ಟಿಎಂಎಲ್ ಅಂದರೆ ವೆಬ್ ಪುಟದ ಟೇಬಲ್, ಹೆಸರು ಮಾತ್ರ ಎಕ್ಸ್‌ಎಲ್‌ಎಸ್. ಎಕ್ಸೆಲ್ ಒಂದು ಎಚ್ಚರಿಕೆ ಕೊಟ್ಟು ತೆರೆದುಬಿಡುತ್ತದೆ. ಬೇರೆ ಎಷ್ಟೋ ಸಾಫ್ಟ್‌ವೇರ್ ತೆರೆಯುವುದಿಲ್ಲ.

ಪಾಂಡಾಪ್ರಿಯ:

ಇದು ಸರಿ ಅಕ್ಕ. ಪೈಥಾನ್‌ನಲ್ಲಿ ಅದಕ್ಕೆ ‘ಫೈಲ್ ಕೆಟ್ಟಿದೆ’ ಅನ್ನುವಂಥ ಎರರ್ ಬರುತ್ತದೆ. ಫೈಲ್ ಕೆಟ್ಟಿರುವುದಿಲ್ಲ, ವೇಷ ಹಾಕಿರುತ್ತದೆ. ಆರ್ ಭಾಷೆ ಬಳಸುವವರಿಗೂ ಒಂದು ಮಾತು: ಅಲ್ಲಿ ಎಕ್ಸೆಲ್ ಫೈಲ್ ಓದುವ ರೀಡ್‌ಎಕ್ಸ್‌ಎಲ್ ಕೂಡ ಊಹೆ ಮಾಡುತ್ತದೆ, ಎಂಟರ ಬದಲು ಸಾವಿರ ಸಾಲು ನೋಡಿ. ಆದರೆ ಅದು ಖಾಲಿ ಮಾಡಿದಾಗ ಇಂಥ ಕೋಶದಲ್ಲಿ ಹೀಗಾಯಿತು ಅಂತ ಎಚ್ಚರಿಕೆ ಕೊಡುತ್ತದೆ. ಅಷ್ಟು ಮರ್ಯಾದೆ ಇದೆ.

ಎಂಟುಸಾಲು:

ಅಂದರೆ ನಿಮ್ಮ ಕಡೆಯೂ ಊಹೆ ಇದೆ ಅಂತ ಒಪ್ಪಿಕೊಂಡಿರಿ.

ಪಾಂಡಾಪ್ರಿಯ:

ನಾನು ಬಳಸುವುದು ಪಾಂಡಾಸ್. ಅದು ಆರ್. ಎರಡೂ ಒಂದೇ ಅಲ್ಲ. ಮೊದಲು ಅದು ತಿಳಿದುಕೊಳ್ಳಿ.

ಪಂಪ್‌ಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ದೋಷ ಸಂಕೇತ ಎಂಟು ಸಾಲಿನ ಕಾಟವೇ. ನಮ್ಮಲ್ಲಿ ಮೊದಲ ಎಂಟು ಸಾಲು ಅಂದರೆ 1ನೇ ತಾರೀಕು ನಡುರಾತ್ರಿ, ಮೊದಲ ಎಂಟು ಪಂಪು. ಅವು ಗಟ್ಟಿ ಪಂಪುಗಳು. ಎಲ್ಲಾ 0. ಹಳೆಹುಲಿಯವರು ಹೇಳಿದ ಹಾಗೆ ಎಕ್ಸ್‌ಎಲ್‌ಎಸ್‌ಎಕ್ಸ್ ಮಾಡಿದೆ. 132 ಹೋಗಿ 132 ಬಂತು, ಎಣಿಸಿದೆ. ಆದರೂ ಮೊದಲ ಸಲ ದೋಷ ಇದ್ದ ಕಡೆ ‘ಎರರ್’ ಅಂತ ಬಂತು. ಪವರ್ ಕ್ವೆರಿ ತಾನಾಗೇ ‘ಚೇಂಜ್ಡ್ ಟೈಪ್’ ಅನ್ನುವ ಹೆಜ್ಜೆ ಸೇರಿಸುತ್ತದೆ, ಮೊದಲ 200 ಸಾಲು ನೋಡಿ. ‘ರಿಮೂವ್ ಎರರ್ಸ್’ ಒತ್ತಲು ಹೋಗಿದ್ದೆ. ಒತ್ತಿದ್ದರೆ ಆ ಸಾಲುಗಳೇ ಹೋಗುತ್ತಿದ್ದವು. ಗೋಷ್ವಾರೆ ಮೇಡಂ ಬರೆದದ್ದು ನೆನಪಾಗಿ ಕೈ ಹಿಂದೆ ತೆಗೆದೆ. ಆ ಹೆಜ್ಜೆ ಅಳಿಸಿ ಕಾಲಂ ಅನ್ನು ಟೆಕ್ಸ್ಟ್ ಮಾಡಿದೆ. ಈಗ ಪಂಪುಗಳು ಕೆಡುತ್ತಿವೆ. ಚೆನ್ನಾಗಿಯೇ ಕೆಡುತ್ತಿವೆ.

ಇನ್ನು ಅಕ್ಟೋಬರ್, ಡಿಸೆಂಬರ್. ಸಾಲುಲೆಕ್ಕ ಅವರು ಹೇಳಿದ್ದು ನಿಜ, ಎರಡರಲ್ಲೂ ಕೊನೆಯ ಸಾಲು 65,536. ಸೆಪ್ಟೆಂಬರ್ 2013ರಲ್ಲಿ ನಮ್ಮ ಪಂಪುಗಳ ಸಂಖ್ಯೆ 90 ಆಯಿತು. 90 ಪಂಪು, 24 ಗಂಟೆ, 30 ದಿನ ಅಂದರೆ 64,800. ಹಿಡಿಸುತ್ತದೆ. 31 ದಿನ ಅಂದರೆ 66,960. ಹಿಡಿಸುವುದಿಲ್ಲ. ಅದಕ್ಕೇ ನವೆಂಬರ್ ಸರಿಯಾಗಿತ್ತು. ಎಳ್ಳುನೀರು ಬಿಡಲು ಹೊರಟಿದ್ದೆ. ಆಗ ಮೌನಿಯವರ ಒಂದು ಸಾಲು ಕಣ್ಣಿಗೆ ಬಿತ್ತು. ಶೀಟ್2 ತೆರೆದೆ. ಅಲ್ಲೇ ಇದೆ! ಆಗಿನ ಆಪರೇಟರ್ ಜಾಗ ಮುಗಿದ ತಕ್ಷಣ ಮುಂದಿನ ಶೀಟ್‌ಗೆ ಹೋಗಿ ಬರೆದಿದ್ದಾರೆ. ಉಳಿದ ಎಲ್ಲಾ ಫೈಲ್‌ನಲ್ಲೂ ಶೀಟ್2, ಶೀಟ್3 ಖಾಲಿ ಇದ್ದವು. ಹಳೇ ಎಕ್ಸೆಲ್ ಹೊಸ ಫೈಲ್ ಅಂದರೆ ಮೂರು ಶೀಟ್ ಕೊಡುತ್ತಿತ್ತು, ಇಲ್ಲೂ ಹಾಗೇ ಅಂದುಕೊಂಡು ನಾನು ನೋಡಿಯೇ ಇರಲಿಲ್ಲ.

ಒಂದೇ ಒಂದು ಅನುಮಾನ ಉಳಿದಿದೆ. ಶೀಟ್1ರಲ್ಲಿ ಹೆಡರ್ ಬಿಟ್ಟು 65,535. ಉಳಿಯಬೇಕಾದದ್ದು 1,425. ಶೀಟ್2 ಸೇರಿಸಿದರೆ 1,424 ಮಾತ್ರ ಬರುತ್ತಿದೆ. ಎರಡು ಫೈಲ್‌ನಲ್ಲೂ ಒಂದೊಂದು ಕಮ್ಮಿ. 31ನೇ ತಾರೀಕು 8 ಗಂಟೆಯ 16ನೇ ಪಂಪ್ ಎರಡು ಕಡೆಯೂ ಇಲ್ಲ. ಆ ಪಂಪ್ ಆಗ ನಿಂತಿತ್ತಾ?

ಮೌನಿ:

ಶೀಟ್2ಕ್ಕೆ ಹೆಡರ್ ಇಲ್ಲ. ಮೊದಲ ಸಾಲೇ ಹೆಡರ್ ಆಗಿ ಹೋಗಿದೆ.

ಪಂಪ್‌ಮನೆ:

ಅಯ್ಯೋ ಹೌದು! ಕಾಲಂ ಹೆಸರಿನ ಜಾಗದಲ್ಲಿ ‘16’ ಅಂತ ಕೂತಿದೆ. ಸರಿಯಾಯಿತು. 66,960 ಬಂತು.

ಎಂಟುಸಾಲು:

ನಾನು ಮೊದಲ ಪದದಲ್ಲೇ ಎಂಟು ಅಂದಿದ್ದೆ. ದಾಖಲಾಗಲಿ.

ಹಳೆಹುಲಿ:

ಸರಿ ಮಾಡಿದ್ದು ಕನ್ವರ್ಟ್. ಅದೂ ದಾಖಲಾಗಲಿ. ಮತ್ತೆ ಆ 1,462 ನನಗೆ ಇನ್ನೂ ಒಪ್ಪಿಗೆ ಇಲ್ಲ.

ಸಾಲುಲೆಕ್ಕ:

ಶೀಟ್2. ನಮ್ಮ ಪ್ರೋಗ್ರಾಂ ಕೊಟ್ಟ ಫೈಲ್‌ಗಳಲ್ಲೂ ಇತ್ತಾ ಅಂತ ನಾನು ಯಾವತ್ತೂ ನೋಡಲಿಲ್ಲ. ಎರಡೂವರೆ ತಿಂಗಳು ನಾಲ್ಕು ಜನ ಟೈಪ್ ಮಾಡಿದರು. ಈಗ ನೋಡಲು ಧೈರ್ಯ ಇಲ್ಲ. ಫೈಲ್ ಇದೆ. ನೋಡುವುದಿಲ್ಲ.

ಗೋಷ್ವಾರೆ:

ನೋಡಿ ಸರ್. ಆ ಕಾಲು ಭಾಗ ಸಿಕ್ಕರೂ ಸಿಗಬಹುದು.

ಪಾಂಡಾಪ್ರಿಯ:

ಪಾಂಡಾಸ್ ಕೂಡ ಏನೂ ಹೇಳದಿದ್ದರೆ ಮೊದಲ ಶೀಟ್ ಮಾತ್ರ ಓದುತ್ತದೆ. ಇದನ್ನು ಬರೆಯುತ್ತಾ ಬರೆಯುತ್ತಾ ನನ್ನ ಹಳೇ ಫೋಲ್ಡರ್ ಮೇಲೆ ಒಂದು ಸ್ಕ್ರಿಪ್ಟ್ ಓಡಿಸಿದೆ. ಎರಡನೇ ಶೀಟ್‌ನಲ್ಲಿ ಡೇಟಾ ಇರುವ ಫೈಲ್ ಹನ್ನೊಂದು ಸಿಕ್ಕಿವೆ. ಈ ವಾರ ಯಾರೂ ನನ್ನ ಜತೆ ವಾದಕ್ಕೆ ಬರಬೇಡಿ.